ವಿದ್ಯಾಲಯದ ಆವರಣದಲ್ಲಿ ಲೈಂಗಿಕ ಕಿರುಕುಳ: ವಿದ್ಯಾರ್ಥಿ ಸಂಶೋಧನೆಯ ನೆಲೆಗಳು

1996ರಲ್ಲಿ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಒಂದು ಗುಂಪು ತಾವು ದಿನನಿತ್ಯ ಓಡಾಡುವ ಆವರಣವನ್ನೇ ಅಧ್ಯಯನದ ಕ್ಷೇತ್ರವನ್ನಾಗಿ ಮಾಡಿಕೊಂಡು ಒಂದು ವರದಿಯನ್ನು ಪ್ರಕಟಿಸಿತು. 'ಜೆಂಡರ್ ಸ್ಟಡಿ ಗ್ರೂಪ್' ಎಂಬ ಹೆಸರಿನ ಈ ಗುಂಪು ಕೈಗೆತ್ತಿಕೊಂಡ ವಿಷಯ ಆವರಣದಲ್ಲಿನ ಲೈಂಗಿಕ ಕಿರುಕುಳ. ವಸತಿನಿಲಯಗಳಲ್ಲಿ ವಾಸಿಸುವ ವಿದ್ಯಾರ್ಥಿನಿಯರಲ್ಲಿ ಶೇ. 91.7ರಷ್ಟು ಮಂದಿ, ಮನೆಯಿಂದ ಬಂದುಹೋಗುವ ವಿದ್ಯಾರ್ಥಿನಿಯರಲ್ಲಿ ಶೇ. 88.2ರಷ್ಟು ಮಂದಿ ಆವರಣದ ರಸ್ತೆಗಳಲ್ಲಿ ಕಿರುಕುಳವನ್ನು ಅನುಭವಿಸಿದ್ದಾರೆಂಬುದು ಆ ವರದಿಯ ಪ್ರಮುಖ ಶೋಧ. ಭಾರತೀಯ ವಿಶ್ವವಿದ್ಯಾಲಯಗಳಲ್ಲಿನ ಲೈಂಗಿಕ ಕಿರುಕುಳವನ್ನು ಕುರಿತ ಬರಹಗಳಲ್ಲಿ ಇಂದಿಗೂ ಈ ಎರಡು ಸಂಖ್ಯೆಗಳು ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತಿವೆ.

ಈ ವರದಿ ಹೊರಬಂದ ಕಾಲವನ್ನು ನೆನಪಿನಲ್ಲಿಡುವುದು ಅಗತ್ಯ. ಸರ್ವೋಚ್ಚ ನ್ಯಾಯಾಲಯದ ವಿಶಾಖಾ ತೀರ್ಪು ಬಂದದ್ದು ಮರುವರ್ಷ, 1997ರ ಆಗಸ್ಟ್ 13ರಂದು. ಅಲ್ಲಿಯವರೆಗೆ 'ಲೈಂಗಿಕ ಕಿರುಕುಳ' ಎಂಬ ಪರಿಕಲ್ಪನೆಗೆ ಭಾರತದ ಕಾನೂನಿನಲ್ಲಿ ಸ್ಪಷ್ಟವಾದ ವ್ಯಾಖ್ಯೆಯೇ ಇರಲಿಲ್ಲ. ಮಹಿಳೆಯ 'ಮಾನಭಂಗ'ವನ್ನು ಕುರಿತ ಭಾರತೀಯ ದಂಡ ಸಂಹಿತೆಯ ಹಳೆಯ ಕಲಮುಗಳೇ ಆಧಾರ. ಹೀಗೆ ಕಾನೂನು ಇನ್ನೂ ಹೆಸರಿಸದಿದ್ದ ಸಂಗತಿಯೊಂದನ್ನು ವಿದ್ಯಾರ್ಥಿಗಳು ಎಣಿಸಿ ತೋರಿಸಿದ್ದರು. ದೊಡ್ಡ ಅನುದಾನವಾಗಲಿ, ಸಂಸ್ಥೆಯ ಆಹ್ವಾನವಾಗಲಿ ಇಂತಹ ಕೆಲಸಕ್ಕೆ ಆ ಕಾಲದಲ್ಲಿ ನಿರೀಕ್ಷಿಸುವಂತಹದಾಗಿರಲಿಲ್ಲ. ವಿದ್ಯಾರ್ಥಿ ಸಂಶೋಧನೆಯೆಂದರೆ ಪದವಿಗಾಗಿ ಬರೆಯುವ, ಗ್ರಂಥಾಲಯದ ಕಪಾಟಿನಲ್ಲಿ ಕೊನೆಗಾಣುವ ಪ್ರಬಂಧವೆಂಬ ರೂಢಿಯ ತಿಳಿವಳಿಕೆಗೆ ಈ ವರದಿ ಹೊಂದಿಕೊಳ್ಳುವುದಿಲ್ಲ.

ಅಂಕಿ ಅಂಶಗಳಿಗಿಂತ ಮೊದಲು ವಿಚಾರಿಸಬೇಕಾದ ಪ್ರಶ್ನೆಯೊಂದಿದೆ: ಯಾವ ಮಾತಿನಲ್ಲಿ ಕೇಳಬೇಕು? ಈ ಕ್ಷೇತ್ರದ ಸಂಶೋಧನಾ ವಿಧಾನದ ಇತಿಹಾಸವೆಲ್ಲ ಒಂದರ್ಥದಲ್ಲಿ ಇದೇ ಪ್ರಶ್ನೆಯ ಇತಿಹಾಸ. ಅಮೆರಿಕದಲ್ಲಿ ಕರ್ಕ್‌ಪ್ಯಾಟ್ರಿಕ್ ಮತ್ತು ಕ್ಯಾನಿನ್ ಎಂಬ ಸಮಾಜಶಾಸ್ತ್ರಜ್ಞರು 1957ರಲ್ಲಿಯೇ ಒಂದು ವಿಶ್ವವಿದ್ಯಾಲಯದ 291 ವಿದ್ಯಾರ್ಥಿನಿಯರಿಂದ ಮಾಹಿತಿ ಪಡೆದು, ಅವರಲ್ಲಿ ಶೇ. 55.7ರಷ್ಟು ಮಂದಿ ಒಂದೇ ಶೈಕ್ಷಣಿಕ ವರ್ಷದಲ್ಲಿ ಒಮ್ಮೆಯಾದರೂ ಲೈಂಗಿಕ ಆಕ್ರಮಣಶೀಲತೆಗೆ ಗುರಿಯಾಗಿದ್ದರೆಂದು ತೋರಿಸಿದ್ದರು. ಅನಂತರ ಬಹುಕಾಲ ಆ ಲೇಖನ ಒಂಟಿಯಾಗಿಯೇ ಉಳಿಯಿತು. 1980ರ ದಶಕದಲ್ಲಿ ಮೇರಿ ಕಾಸ್ ಮತ್ತು ಅವರ ಸಹೋದ್ಯೋಗಿಗಳು 32 ಶಿಕ್ಷಣ ಸಂಸ್ಥೆಗಳ 6,159 ವಿದ್ಯಾರ್ಥಿ ವಿದ್ಯಾರ್ಥಿನಿಯರನ್ನು ಒಳಗೊಂಡ ಸಮೀಕ್ಷೆಯನ್ನು ನಡೆಸಿ 1987ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ಪ್ರಶ್ನಾವಳಿಯ ವೈಶಿಷ್ಟ್ಯವೆಂದರೆ ಅದು 'ನಿಮ್ಮ ಮೇಲೆ ಅತ್ಯಾಚಾರ ನಡೆದಿದೆಯೇ' ಎಂದು ಕೇಳಲಿಲ್ಲ. ನಡೆದ ಕ್ರಿಯೆಯನ್ನು ಮಾತ್ರ ವಿವರಿಸಿ, ಅಂತಹುದು ಇಚ್ಛೆಗೆ ವಿರುದ್ಧವಾಗಿ ಬಲಪ್ರಯೋಗದಿಂದಲೋ ಬೆದರಿಕೆಯಿಂದಲೋ ನಡೆದಿದೆಯೇ ಎಂದು ಕೇಳಿತು. ಹದಿನಾಲ್ಕನೆಯ ವಯಸ್ಸಿನಿಂದೀಚೆಗೆ ಕಾನೂನಿನ ಪ್ರಕಾರ ಅತ್ಯಾಚಾರ ಅಥವಾ ಅತ್ಯಾಚಾರದ ಯತ್ನವೆನಿಸುವ ಅನುಭವಕ್ಕೆ ಒಳಗಾದವರು ವಿದ್ಯಾರ್ಥಿನಿಯರಲ್ಲಿ ಶೇ. 27.5ರಷ್ಟಿದ್ದರು. ಆದರೆ ಅತ್ಯಾಚಾರದ ವ್ಯಾಖ್ಯೆಗೆ ಒಳಪಡುವ ಅನುಭವವುಳ್ಳವರಲ್ಲಿ ತಮಗಾದದ್ದನ್ನು ಆ ಹೆಸರಿನಿಂದ ಗುರುತಿಸಿಕೊಂಡವರು ಸುಮಾರು ನಾಲ್ಕನೆಯ ಒಂದು ಭಾಗ ಮಾತ್ರ. ಹೆಸರಿಟ್ಟು ಕೇಳಿದ್ದರೆ ಉಳಿದ ಮುಕ್ಕಾಲು ಭಾಗ ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಈ ಪಾಠ ಕನ್ನಡದಲ್ಲಿ ಪ್ರಶ್ನಾವಳಿ ರಚಿಸುವವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. 'ಲೈಂಗಿಕ ಕಿರುಕುಳ' ಎಂಬುದು ಕಾನೂನಿನ, ಪತ್ರಿಕೆಗಳ, ಸುತ್ತೋಲೆಗಳ ಮಾತು. ಕಾಲೇಜಿನ ಹುಡುಗಿಯರ ಬಾಯಲ್ಲಿ ಬರುವ ಮಾತುಗಳೇ ಬೇರೆ: ರೇಗಿಸುವುದು, ಚುಡಾಯಿಸುವುದು, ಕೀಟಲೆ ಮಾಡುವುದು, ಹಿಂದೆ ಬೀಳುವುದು, 'ಲೈನ್ ಹೊಡೆಯುವುದು'. ಈ ಪದಗಳಲ್ಲಿ ಅಪರಾಧದ ಸೋಂಕಿಲ್ಲ. ಇರುವುದು ಹುಡುಗಾಟಿಕೆಯ ಧ್ವನಿ. ಮಾಡಿದವನ ದೃಷ್ಟಿಯಿಂದ ಹುಟ್ಟಿದ ಪದಗಳಿವು, ಅನುಭವಿಸಿದವಳ ದೃಷ್ಟಿಯಿಂದ ಹುಟ್ಟಿದವಲ್ಲ. 'ನಿಮಗೆ ಲೈಂಗಿಕ ಕಿರುಕುಳವಾಗಿದೆಯೇ' ಎಂಬ ಪ್ರಶ್ನೆಗೆ 'ಇಲ್ಲ' ಎಂದು ಗುರುತು ಹಾಕುವ ವಿದ್ಯಾರ್ಥಿನಿಯೇ, ಬಸ್ಸಿನಲ್ಲಿ ಒತ್ತಿಕೊಂಡು ನಿಲ್ಲುವವನಿಂದ ತಪ್ಪಿಸಿಕೊಳ್ಳಲು ಎದೆಗೆ ಪುಸ್ತಕ ಅವುಚಿಕೊಂಡು ನಿಲ್ಲುವುದನ್ನು ಸಹಜವೆಂಬಂತೆ ಹೇಳಬಲ್ಲಳು. ಎರಡನ್ನೂ ಹೇಳುವಾಗ ಆಕೆ ಸುಳ್ಳಾಡುತ್ತಿಲ್ಲ. ಇಂಗ್ಲಿಷಿನ ಪ್ರಮಾಣಿತ ಪ್ರಶ್ನಾವಳಿಯನ್ನು ಪದಕ್ಕೆ ಪದವಿಟ್ಟು ಭಾಷಾಂತರಿಸಿ ಹಂಚುವ ಅಭ್ಯಾಸದಿಂದ ದೊರೆಯುವ ಕಡಿಮೆ ಸಂಖ್ಯೆಗಳನ್ನು ಕಿರುಕುಳದ ಅಭಾವವೆಂದು ಓದುವುದು ಆದುದರಿಂದ ಅಪಾಯಕಾರಿ.

ಹೆಸರಿನ ಈ ಪ್ರಶ್ನೆ ಶಾಸನಸಭೆಗಳನ್ನೂ ಕಾಡಿದೆ. ಚೆನ್ನೈನಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಇಂತಹ 'ಕೀಟಲೆ'ಯ ಪರಿಣಾಮವಾಗಿ ಮೃತಪಟ್ಟ ಬಳಿಕ ತಮಿಳುನಾಡು 1998ರಲ್ಲಿ ತಂದ ಕಾನೂನಿನ ಹೆಸರಿನಲ್ಲಿಯೇ 'ಈವ್ ಟೀಸಿಂಗ್' ಎಂಬ ಪದವಿತ್ತು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟು 'ಮಹಿಳೆಯ ಕಿರುಕುಳ' ಎಂದು ತಿದ್ದಬೇಕಾಯಿತು.

ಕರ್ನಾಟಕದ ಮಟ್ಟಿಗೆ ಇದೇ ಭಾಷಿಕ ಸಮಸ್ಯೆಯನ್ನು ಒಬ್ಬ ವಿದ್ಯಾರ್ಥಿನಿಯ ಅಧ್ಯಯನ ಅನಿರೀಕ್ಷಿತ ದಿಕ್ಕಿನಿಂದ ಎದುರಿಸಿತು. 2003ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆಯಲ್ಲಿ ವ್ಯಾಸಂಗ ಮಾಡುತ್ತಿದ್ದ ಜಾಸ್ಮೀನ್ ಪಥೇಜಾ ಅವರು 'ಬ್ಲ್ಯಾಂಕ್ ನಾಯ್ಸ್' ಎಂಬ ಯೋಜನೆಯನ್ನು ಆರಂಭಿಸಿದರು. ಬೀದಿಯಲ್ಲಿ ನಡೆಯುವ ಕಿರುಕುಳವನ್ನು ಸುತ್ತಲಿನವರು ಗಂಭೀರವಾಗಿ ಪರಿಗಣಿಸದೆ ತಳ್ಳಿಹಾಕುತ್ತಿದ್ದುದೇ ಇದರ ಹಿನ್ನೆಲೆ. ಸಹಪಾಠಿಗಳೊಂದಿಗೆ ಸೇರಿ, ಸಾರ್ವಜನಿಕ ಸ್ಥಳವೆಂದೊಡನೆ ಮನಸ್ಸಿಗೆ ಬರುವ ಪದಗಳನ್ನು ಕಲೆಹಾಕುವುದು ಮೊದಲ ಹೆಜ್ಜೆಗಳಲ್ಲಿ ಒಂದಾಗಿತ್ತು. ಸಿದ್ಧ ವ್ಯಾಖ್ಯೆಯಿಂದ ಹೊರಟು ಅನುಭವವನ್ನು ಅದಕ್ಕೆ ಹೊಂದಿಸದೆ, ಅನುಭವದ ಮಾತುಗಳನ್ನು ಸಂಗ್ರಹಿಸಿ ವ್ಯಾಖ್ಯೆಯತ್ತ ನಡೆದ ಕ್ರಮವಿದು. ಮುಂದೆ ಇದೇ ಬಳಗ ಕಿರುಕುಳಕ್ಕೊಳಗಾದಾಗ ಮಹಿಳೆಯರು ತೊಟ್ಟಿದ್ದ ಉಡುಪುಗಳನ್ನು ಸಂಗ್ರಹಿಸಿ ಪ್ರದರ್ಶಿಸಿತು. ಸಲ್ವಾರ್, ಸೀರೆ, ಶಾಲಾ ಸಮವಸ್ತ್ರ ಎಲ್ಲವೂ ಇಂತಹ ಸಂಗ್ರಹದಲ್ಲಿ ಒಟ್ಟಿಗೆ ನಿಂತಾಗ, ಉಡುಪೇ ಕಾರಣವೆಂಬ ವಾದಕ್ಕೆ ಬೇರೆ ಉತ್ತರ ಬೇಕಾಗುವುದಿಲ್ಲ. 2012ರಲ್ಲಿ ಯಲಹಂಕದ ಬಳಿ ವಿದ್ಯಾರ್ಥಿನಿಯರು ಹೆದರಿ ಅಡ್ಡಹೆಸರಿಟ್ಟಿದ್ದ ಒಂದು ಓಣಿಯಲ್ಲಿ ಮೇಜು ಕುರ್ಚಿಗಳನ್ನು ಹಾಕಿ, ಚಹಾ ಸಮೋಸಗಳನ್ನಿಟ್ಟು, ಅಪರಿಚಿತರೊಂದಿಗೆ ಕುಳಿತು ಮಾತನಾಡಿದ ಪ್ರಯೋಗವೂ ಇದೇ ಬಳಗದ್ದು. ಕಠಿಣ ಅರ್ಥದಲ್ಲಿ ಇದು ಸಮಾಜವಿಜ್ಞಾನವಲ್ಲ. ಇದರಿಂದ ಶೇಕಡಾವಾರು ಲೆಕ್ಕ ಹೊರಡುವುದಿಲ್ಲ. ಆದರೆ ಭಯದ ಭೂಪಟವೊಂದನ್ನು ಬದಲಿಸಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಪರೀಕ್ಷೆಗೊಡ್ಡಿದ ಕಾರಣ ಇದನ್ನು ಕಲಾಚಟುವಟಿಕೆಯೆಂದಷ್ಟೇ ಬದಿಗಿರಿಸುವುದು ಸರಿಯಲ್ಲ.

ವಿಶಾಖಾ ತೀರ್ಪಿನತ್ತ ಮರಳಿದರೆ, ಅದರ ಮೂಲ ವಿಶ್ವವಿದ್ಯಾಲಯವಲ್ಲ, ರಾಜಸ್ಥಾನದ ಹಳ್ಳಿ. ಬಾಲ್ಯವಿವಾಹವನ್ನು ತಡೆಯಲು ಯತ್ನಿಸಿದ ಗ್ರಾಮ ಕಾರ್ಯಕರ್ತೆ ಭಂವರಿ ದೇವಿಯವರ ಮೇಲೆ 1992ರಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲೇರಿದ್ದವು. ತೀರ್ಪು ಉದ್ಯೋಗದ ಸ್ಥಳವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾರ್ಗಸೂಚಿಗಳನ್ನು ನೀಡಿತು. ವಿದ್ಯಾರ್ಥಿನಿ ಉದ್ಯೋಗಿಯಲ್ಲ, ಆಕೆಗೆ ಮೇಲಧಿಕಾರಿಯಿಲ್ಲ, ಮಾರ್ಗದರ್ಶಕರಿದ್ದಾರೆ, ಸಂಬಳವಿಲ್ಲ, ಅಂಕಗಳಿವೆ, ಶಿಫಾರಸು ಪತ್ರಗಳಿವೆ. ಪಿಎಚ್.ಡಿ. ವಿದ್ಯಾರ್ಥಿನಿಯ ವಿಷಯದಲ್ಲಂತೂ ನಾಲ್ಕೈದು ವರ್ಷಗಳ ಶ್ರಮದ ಫಲ ಒಬ್ಬರ ಸಹಿಯನ್ನು ಅವಲಂಬಿಸಿರುತ್ತದೆ. ಈ ಭೇದವನ್ನು ಗ್ರಹಿಸಿ ಮಾರ್ಗಸೂಚಿಗಳನ್ನು ವಿದ್ಯಾಲಯದ ಬದುಕಿಗೆ ಹೊಂದಿಸಿದ ಕೀರ್ತಿ ಬಹುಮಟ್ಟಿಗೆ ವಿದ್ಯಾರ್ಥಿಗಳಿಗೂ ಅವರೊಂದಿಗೆ ನಿಂತ ಅಧ್ಯಾಪಕರಿಗೂ ಸಲ್ಲಬೇಕು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಸ್ಥಾಪಿತವಾದ, 'ಜಿಎಸ್‌ಕ್ಯಾಶ್' ಎಂಬ ಸಂಕ್ಷಿಪ್ತ ನಾಮದಿಂದ ಪ್ರಸಿದ್ಧವಾದ ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳು ಚುನಾವಣೆಯ ಮೂಲಕ ಆಯ್ಕೆಯಾಗುತ್ತಿದ್ದರು. ದೂರು ವಿಚಾರಣೆಯ ಜೊತೆಗೆ ಅರಿವು ಮೂಡಿಸುವ ಹೊಣೆಯೂ ಅದಕ್ಕಿತ್ತು. ಹದಿನೆಂಟು ವರ್ಷ ಕೆಲಸ ಮಾಡಿದ ಈ ಸಮಿತಿಯನ್ನು 2017ರ ಸೆಪ್ಟೆಂಬರ್‌ನಲ್ಲಿ ವಿಶ್ವವಿದ್ಯಾಲಯ ರದ್ದುಗೊಳಿಸಿ, ಅದರ ಸ್ಥಾನದಲ್ಲಿ ಆಂತರಿಕ ದೂರು ಸಮಿತಿಯನ್ನು ರಚಿಸಿತು. ವಿದ್ಯಾರ್ಥಿಗಳು ಇದನ್ನು ತೀವ್ರವಾಗಿ ವಿರೋಧಿಸಿದ್ದು ಸಮಿತಿಯ ಹೆಸರಿಗಾಗಿ ಅಲ್ಲ, ಅದರ ಸ್ವಾಯತ್ತತೆಗಾಗಿ.

2012ರ ಡಿಸೆಂಬರ್‌ನ ದೆಹಲಿ ಘಟನೆಯ ತರುವಾಯ ಎಲ್ಲವೂ ವೇಗ ಪಡೆಯಿತು. 2013ರಲ್ಲಿ ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳವನ್ನು ಕುರಿತ ಕಾಯ್ದೆ ಜಾರಿಗೆ ಬಂದಿತು. ಶಿಕ್ಷಣ ಸಂಸ್ಥೆಗಳೂ ಅದರ ವ್ಯಾಪ್ತಿಗೆ ಸೇರಿದವು. ಅದೇ ವರ್ಷ ವಿಶ್ವವಿದ್ಯಾಲಯ ಧನಸಹಾಯ ಆಯೋಗ ನೇಮಿಸಿದ್ದ ಕಾರ್ಯಪಡೆಯ 'ಸಕ್ಷಮ್' ವರದಿ ಪ್ರಕಟವಾಯಿತು. ಸುರಕ್ಷತೆಯ ಹೆಸರಿನಲ್ಲಿ ವಿದ್ಯಾರ್ಥಿನಿಯರ ಮೇಲೆ ಅತಿಯಾದ ಕಣ್ಗಾವಲು ಹಾಕುವುದಾಗಲಿ, ಅವರ ಚಲನೆಯ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವುದಾಗಲಿ ಕೂಡದೆಂದು ಈ ವರದಿ ನಿಸ್ಸಂದಿಗ್ಧವಾಗಿ ಹೇಳಿದುದು ಅದರ ದೊಡ್ಡ ಗುಣ. ಆದರೆ ಅದೇ ಆಯೋಗ 2015ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುರಕ್ಷತಾ ಮಾರ್ಗಸೂಚಿಗಳಲ್ಲಿ ಮುಳ್ಳುತಂತಿಯುಳ್ಳ ಎತ್ತರದ ಆವರಣ ಗೋಡೆ, ವಸತಿನಿಲಯಗಳಲ್ಲಿ ಬೆರಳಚ್ಚಿನ ಹಾಜರಾತಿ ಮುಂತಾದವು ಕಾಣಿಸಿಕೊಂಡವು! ಎರಡು ವರ್ಷಗಳ ಅಂತರದಲ್ಲಿ ಒಂದೇ ಸಂಸ್ಥೆಯಿಂದ ಹೊರಟ ಈ ಎರಡು ದಾಖಲೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದವರಿಗೆ, ಸುರಕ್ಷತೆಯ ಕುರಿತು ನಮ್ಮ ಶಿಕ್ಷಣ ವ್ಯವಸ್ಥೆಗಿರುವ ಇಬ್ಬಂದಿತನ ಕಣ್ಣಿಗೆ ಕಟ್ಟುತ್ತದೆ.

ಈ ಇಬ್ಬಂದಿತನವನ್ನು ದಾಖಲೆಯ ಮೂಲಕ ಬಯಲಿಗೆಳೆದವರೂ ವಿದ್ಯಾರ್ಥಿನಿಯರೇ. 2015ರಲ್ಲಿ ದೆಹಲಿಯಲ್ಲಿ ಆರಂಭವಾದ 'ಪಿಂಜ್ರಾ ತೋಡ್' ಚಳವಳಿ ಬೇರೆ ಬೇರೆ ಮಹಿಳಾ ವಸತಿನಿಲಯಗಳ ನಿಯಮಗಳನ್ನೂ ವಾಸಿಗಳ ಅನುಭವಗಳನ್ನೂ ಸಂಗ್ರಹಿಸಿ ದೆಹಲಿ ಮಹಿಳಾ ಆಯೋಗಕ್ಕೆ ವರದಿಯ ರೂಪದಲ್ಲಿ ಸಲ್ಲಿಸಿತು. ಸಂಜೆಯ ಹೊತ್ತಿಗೇ ಬಾಗಿಲು ಹಾಕುವ ನಿಯಮ, ಹೊರಗೆ ಉಳಿಯಲು ಪೋಷಕರ ಅನುಮತಿ ಪತ್ರ, ಗ್ರಂಥಾಲಯದ ಸಮಯಕ್ಕೂ ವಸತಿನಿಲಯದ ಸಮಯಕ್ಕೂ ತಾಳೆಯಾಗದ ಸ್ಥಿತಿ ಇಂತಹವು ದೂರಿನಂತೆ ಕೇಳಿಸಿದರೂ ಒಟ್ಟಾಗಿ ನೋಡಿದಾಗ ಒಂದು ಸಿದ್ಧಾಂತವನ್ನೇ ಹೇಳುತ್ತವೆ: ಅಪಾಯ ಹೊರಗಿದೆ, ಆದುದರಿಂದ ಹುಡುಗಿ ಒಳಗಿರಲಿ. ಕಾಸ್ ಅವರ ಸಮೀಕ್ಷೆಯಲ್ಲಿ ಅತ್ಯಾಚಾರಕ್ಕೊಳಗಾದವರಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿಗೆ ಆಕ್ರಮಣಕಾರ ಪರಿಚಿತನೇ ಆಗಿದ್ದನೆಂಬುದನ್ನು ಇಲ್ಲಿ ಸ್ಮರಿಸಬಹುದು. ಗೋಡೆಯ ಎತ್ತರಕ್ಕೂ ಪರಿಚಿತನಿಂದ ಒದಗುವ ಹಾನಿಗೂ ಸಂಬಂಧ ಕಲ್ಪಿಸುವುದು ಕಷ್ಟ.

ಹಾಗಾದರೆ ತಡೆಗಟ್ಟುವ ಕ್ರಮಗಳಲ್ಲಿ ಯಾವುದು ಫಲ ಕೊಡುತ್ತದೆ? ಇಲ್ಲಿ ಪರೀಕ್ಷೆಗೆ ಒಳಪಟ್ಟ ಜ್ಞಾನ ಕಡಿಮೆ. ಹೆಚ್ಚಿನ ಸಂಸ್ಥೆಗಳು ವರ್ಷಾರಂಭದಲ್ಲಿ ಒಂದು ಉಪನ್ಯಾಸ ಏರ್ಪಡಿಸಿ, ಗೋಡೆಗೆ ಭಿತ್ತಿಪತ್ರ ಅಂಟಿಸಿ ಕೈತೊಳೆದುಕೊಳ್ಳುತ್ತವೆ. ಅದರ ಪರಿಣಾಮವನ್ನು ಅಳೆಯುವವರಿಲ್ಲ. ಪಾಶ್ಚಾತ್ಯ ದೇಶಗಳ ಎರಡು ಪ್ರಯತ್ನಗಳು ಉಲ್ಲೇಖಾರ್ಹ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿ ವಿಕ್ಟೋರಿಯಾ ಬ್ಯಾನ್ಯಾರ್ಡ್ ಮತ್ತು ಸಂಗಡಿಗರು ವಿದ್ಯಾರ್ಥಿಗಳನ್ನು ಸಂಭಾವ್ಯ ಅಪರಾಧಿಗಳೆಂದೋ ಸಂಭಾವ್ಯ ಬಲಿಪಶುಗಳೆಂದೋ ಕಾಣದೆ, ಕಂಡಾಗ ಮಧ್ಯೆ ಪ್ರವೇಶಿಸಬಲ್ಲ ಸಾಕ್ಷಿಗಳೆಂದು ಪರಿಗಣಿಸುವ ತರಬೇತಿಯನ್ನು ರೂಪಿಸಿ, 389 ವಿದ್ಯಾರ್ಥಿಗಳ ಮೇಲೆ ನಡೆಸಿದ ಮೌಲ್ಯಮಾಪನವನ್ನು 2007ರಲ್ಲಿ ಪ್ರಕಟಿಸಿದರು. ತರಬೇತಿ ಪಡೆದವರ ತಿಳಿವಳಿಕೆ, ಮನೋಭಾವಗಳಲ್ಲಿ ಸುಧಾರಣೆ ಕಂಡಿತು. ಆದರೆ ಮನೋಭಾವದ ಬದಲಾವಣೆಯೇ ಹಾನಿಯ ಇಳಿಕೆಯಲ್ಲ ಎಂಬ ಆಕ್ಷೇಪ ಇಂತಹ ಅಧ್ಯಯನಗಳಿಗೆ ಸದಾ ಇದ್ದದ್ದೇ. ಆ ಆಕ್ಷೇಪಕ್ಕೆ ಸಮರ್ಥ ಉತ್ತರವಾಗಿ ಬಂದುದು ಕೆನಡದ ಶಾರ್ಲೀನ್ ಸೆನ್ ಅವರ ಅಧ್ಯಯನ. ಮೂರು ವಿಶ್ವವಿದ್ಯಾಲಯಗಳ ಪ್ರಥಮ ವರ್ಷದ 893 ವಿದ್ಯಾರ್ಥಿನಿಯರನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ನಾಲ್ಕು ಘಟಕಗಳ ಪ್ರತಿರೋಧ ತರಬೇತಿಯನ್ನೂ ಇನ್ನೊಂದಕ್ಕೆ ಕೇವಲ ಕರಪತ್ರಗಳನ್ನೂ ನೀಡಲಾಯಿತು. ಒಂದು ವರ್ಷದಲ್ಲಿ ಅತ್ಯಾಚಾರಕ್ಕೊಳಗಾದವರ ಪ್ರಮಾಣ ತರಬೇತಿ ಪಡೆದವರಲ್ಲಿ ಶೇ. 5.2, ಉಳಿದವರಲ್ಲಿ ಶೇ. 9.8. 2015ರಲ್ಲಿ ಪ್ರಕಟವಾದ ಈ ಫಲಿತಾಂಶ ಅಪಾಯ ಸುಮಾರು ಅರ್ಧಕ್ಕೆ ಇಳಿಯಬಹುದೆಂದು ತೋರಿಸಿತು. ಹೊಣೆಯನ್ನು ಮತ್ತೆ ಹೆಣ್ಣಿನ ಹೆಗಲಿಗೇ ಹೊರಿಸಿದಂತಾಗಲಿಲ್ಲವೇ ಎಂಬ ಪ್ರಶ್ನೆ ಸ್ತ್ರೀವಾದಿ ವಲಯಗಳಲ್ಲಿ ಎದ್ದಿದೆ. ಅದು ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ಕರಪತ್ರ ಮಾತ್ರ ಪಡೆದ ಗುಂಪಿನ ಆ ಶೇ. 9.8 ಎಂಬ ಸಂಖ್ಯೆ, ಕರಪತ್ರಗಳನ್ನೇ ನಂಬಿ ಕುಳಿತ ಸಂಸ್ಥೆಗಳಿಗೆ ಹೆಚ್ಚು ಕಸಿವಿಸಿ ಉಂಟುಮಾಡಬೇಕು.

ಹಾನಿಯಾದ ಮೇಲಿನ ಸ್ಪಂದನೆಯ ವಿಚಾರದಲ್ಲಿ ಒಂದು ವಿದ್ಯಾರ್ಥಿ ಸಂಶೋಧನೆ ಇಡೀ ಚರ್ಚೆಯ ದಿಕ್ಕನ್ನು ಬದಲಿಸಿತೆನ್ನಬಹುದು. ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಸಂಶೋಧನ ವಿದ್ಯಾರ್ಥಿನಿಯಾಗಿದ್ದ ಕಾರ್ಲಿ ಸ್ಮಿತ್ ಅವರು ತಮ್ಮ ಮಾರ್ಗದರ್ಶಕಿ ಜೆನಿಫರ್ ಫ್ರೇಡ್ ಅವರೊಂದಿಗೆ 2013ರಲ್ಲಿ ಪ್ರಕಟಿಸಿದ ಲೇಖನ 345 ವಿದ್ಯಾರ್ಥಿನಿಯರನ್ನು ಆಧರಿಸಿತ್ತು. ಅನಪೇಕ್ಷಿತ ಲೈಂಗಿಕ ಅನುಭವಕ್ಕೆ ಒಳಗಾದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ತಮ್ಮ ಸಂಸ್ಥೆಯೂ ಕೈಬಿಟ್ಟಿತೆಂಬ ಅನುಭವವನ್ನು ಹೇಳಿಕೊಂಡರು. ದೂರು ನೀಡುವುದನ್ನು ಕಷ್ಟವಾಗಿಸಿದ್ದು, ನಡೆದದ್ದನ್ನು ಮುಚ್ಚಿಟ್ಟದ್ದು, ಇಂತಹ ಘಟನೆಗಳು ಸಾಮಾನ್ಯವೆಂಬ ವಾತಾವರಣವನ್ನು ಬೆಳೆಸಿದ್ದು ಇತ್ಯಾದಿ. ಹೀಗೆ ಕೈಬಿಡಲ್ಪಟ್ಟವರಲ್ಲಿ ಆತಂಕವೇ ಮೊದಲಾದ ಆಘಾತದ ಲಕ್ಷಣಗಳು ಉಳಿದವರಿಗಿಂತ ಅಧಿಕವಾಗಿದ್ದವು. ಇದನ್ನವರು 'ಸಾಂಸ್ಥಿಕ ದ್ರೋಹ' ಎಂಬ ಪರಿಕಲ್ಪನೆಯಿಂದ ವಿವರಿಸಿದರು. ಸಂಸ್ಥೆಯ ಸ್ಪಂದನೆಯೆಂಬುದು ಘಟನೆ ಮುಗಿದ ಮೇಲಿನ ಆಡಳಿತಾತ್ಮಕ ಕಾರ್ಯವಲ್ಲ, ಅದು ಹಾನಿಯ ಒಂದು ಭಾಗವೇ ಆಗಬಲ್ಲದು ಎಂಬುದು ಇದರ ತಾತ್ಪರ್ಯ. ನಂಬಿದ ಮನೆಯವರೇ ನಂಬದಿದ್ದಾಗ ಆಗುವ ನೋವು ನಮ್ಮ ಜನಕ್ಕೆ ಹೊಸತಲ್ಲ. ಅದನ್ನು ಅಳತೆಗೆ ಸಿಗುವಂತೆ ಮಾಡಿದ್ದು ಹೊಸತು.

ಸಂಸ್ಥೆಯ ಮೇಲಿನ ನಂಬಿಕೆ ಕುಸಿದಾಗ ಏನಾಗುತ್ತದೆಂಬುದಕ್ಕೆ ಭಾರತದಲ್ಲಿ 2017ರ ಅಕ್ಟೋಬರ್ ನಿದರ್ಶನವಾಯಿತು. ವಿದೇಶದಲ್ಲಿ ಕಾನೂನು ವ್ಯಾಸಂಗ ಮಾಡುತ್ತಿದ್ದ ಭಾರತೀಯ ಮೂಲದ ವ್ಯಕ್ತಿಯೊಬ್ಬರು ಕಿರುಕುಳದ ಆರೋಪವುಳ್ಳ ಅಧ್ಯಾಪಕರ ಪಟ್ಟಿಯೊಂದನ್ನು ಅಂತರಜಾಲದಲ್ಲಿ ಪ್ರಕಟಿಸಿದರು. ದೂರುದಾರರ ಹೆಸರಾಗಲಿ, ಬಹುತೇಕ ಘಟನೆಗಳ ವಿವರವಾಗಲಿ ಅದರಲ್ಲಿರಲಿಲ್ಲ. ಹಲವು ಹಿರಿಯ ಸ್ತ್ರೀವಾದಿಗಳು ಸಹಜ ನ್ಯಾಯದ ತತ್ತ್ವವನ್ನು ಮುಂದಿಟ್ಟು ಆಕ್ಷೇಪಿಸಿದರೆ, ಕಿರಿಯ ವಿದ್ಯಾರ್ಥಿನಿಯರು, ಅದರಲ್ಲೂ ದಲಿತ ಬಹುಜನ ಹಿನ್ನೆಲೆಯ ಅನೇಕರು, ಸಮಿತಿಗಳ ಬಾಗಿಲು ತಮಗೆಂದೂ ತೆರೆದಿರಲಿಲ್ಲವೆಂದು ಉತ್ತರಿಸಿದರು. ಸಂಶೋಧನೆಯ ದೃಷ್ಟಿಯಿಂದ ಆ ಪಟ್ಟಿ ಪುರಾವೆಯಲ್ಲ; ಆದರೆ ಪುರಾವೆ ಕೊಡಬೇಕಾದ ಸ್ಥಳಗಳ ಬಗೆಗಿನ ಅಪನಂಬಿಕೆಗೆ ಅದು ಖಂಡಿತ ಪುರಾವೆ.

ಕ್ರಮಬದ್ಧತೆಯ ಅಗತ್ಯವನ್ನು ಮತ್ತೊಂದು ಬದಿಯಿಂದ ತೋರಿಸುವುದು ಗೋವಾ ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದ ಪ್ರಕರಣ. ವಿದ್ಯಾರ್ಥಿನಿಯರ ದೂರುಗಳ ಮೇಲೆ ವಜಾಗೊಂಡಿದ್ದ ಅಧ್ಯಾಪಕರೊಬ್ಬರ ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯ 2023ರ ಮೇ 12ರಂದು ವಜಾ ಆದೇಶವನ್ನು ರದ್ದುಪಡಿಸಿತು. ದೂರು ಸುಳ್ಳೆಂದಲ್ಲ, ವಿಚಾರಣೆಯನ್ನು ಆತುರಾತುರವಾಗಿ, ಪ್ರತಿವಾದಕ್ಕೆ ಸಾಕಷ್ಟು ಅವಕಾಶವೀಯದೆ ಮುಗಿಸಲಾಯಿತೆಂದು. ಪ್ರಕರಣ ಸಮಿತಿಗೆ ಮರಳಿತು. ದೂರು ನೀಡಿ ಹಲವಾರು ವರ್ಷ ಕಳೆದ ಮೇಲೆ, ಎಂದೋ ಪದವಿ ಮುಗಿಸಿ ಹೊರಟುಹೋದವರು ಮತ್ತೆ ಸಾಕ್ಷಿ ನುಡಿಯಬೇಕಾದ ಸ್ಥಿತಿಯನ್ನು ಊಹಿಸಬಹುದು. ಸಮಿತಿಯ ಸದಸ್ಯರಿಗೆ ವಿಚಾರಣಾ ಕ್ರಮದ ತರಬೇತಿ ನೀಡದಿರುವುದರ ಬೆಲೆಯನ್ನು ಇಬ್ಬರೂ ತೆರುತ್ತಾರೆ, ದೂರುದಾರೆ ತುಸು ಹೆಚ್ಚಾಗಿಯೇ.

ಸದ್ಯ ಈ ಸಮಿತಿಗಳ ರಚನೆಯನ್ನು ನಿರ್ದೇಶಿಸುವುದು 2016ರ ಮೇ ತಿಂಗಳಲ್ಲಿ ಅಧಿಸೂಚಿತವಾದ ಧನಸಹಾಯ ಆಯೋಗದ ನಿಯಮಾವಳಿ. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಕರಣಗಳಲ್ಲಿ ಮೂವರು ವಿದ್ಯಾರ್ಥಿ ಪ್ರತಿನಿಧಿಗಳಿರಬೇಕು, ಅವರು ಪಾರದರ್ಶಕ ಪ್ರಜಾಸತ್ತಾತ್ಮಕ ವಿಧಾನದಿಂದ ಆಯ್ಕೆಯಾಗಬೇಕು, ಸಮಿತಿಯ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು ಎಂಬುದು ಅದರ ಮುಖ್ಯಾಂಶ. ಪುರುಷ ವಿದ್ಯಾರ್ಥಿಗಳು ಹಾಗೂ ತೃತೀಯ ಲಿಂಗದ ವಿದ್ಯಾರ್ಥಿಗಳೂ ಕಿರುಕುಳಕ್ಕೆ ಗುರಿಯಾಗಬಹುದೆಂದು ಗುರುತಿಸಿರುವುದು ಮೂಲ ಕಾಯ್ದೆಗಿಂತ ಒಂದು ಹೆಜ್ಜೆ ಮುಂದೆ.

ಇನ್ನು, ವಿದ್ಯಾರ್ಥಿಯೇ ಶೋಧಕನಾಗುವುದರ ತೊಡಕುಗಳು. ಒಳಗಿನವರೆಂಬುದು ಅವರ ಬಲ. ಸಮಾನ ವಯಸ್ಕರಲ್ಲಿ ಬಿಚ್ಚುಮಾತು ಸಾಧ್ಯ. ಅದೇ ಅವರ ಇಕ್ಕಟ್ಟು ಕೂಡ. ಸಂದರ್ಶನ ನೀಡಿದವಳನ್ನು ಮರುದಿನ ಊಟದ ಸಾಲಿನಲ್ಲಿ ಎದುರಾಗಬೇಕು. ಆಕೆ ಹೆಸರಿಸಿದ ವ್ಯಕ್ತಿಯ ತರಗತಿಯಲ್ಲಿ ಕೂರಬೇಕು. ಪ್ರಬಂಧವನ್ನು ಒಪ್ಪಿಸಬೇಕಾದುದು ಅದೇ ವಿಭಾಗಕ್ಕೆ. ಮಹಿಳೆಯರ ಮೇಲಿನ ಹಿಂಸೆಯ ಸಂಶೋಧನೆಗೆ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ನೈತಿಕ ಸೂಚನೆಗಳು ಮಾಹಿತಿದಾರರ ಸುರಕ್ಷತೆಯ ಜೊತೆಗೆ ಸಂಶೋಧನಾ ತಂಡದ ಸುರಕ್ಷತೆಯನ್ನೂ ಪ್ರಥಮ ತತ್ತ್ವವಾಗಿ ಇರಿಸಿಕೊಂಡಿವೆ. ಸಣ್ಣ ಕಾಲೇಜಿನಲ್ಲಿ 'ದ್ವಿತೀಯ ಬಿ.ಎಸ್ಸಿ.ಯ ವಸತಿನಿಲಯವಾಸಿ' ಎಂದಷ್ಟೇ ಬರೆದರೂ ಯಾರೆಂದು ಊರಿಗೇ ತಿಳಿಯುತ್ತದೆ. 2013ರ ಕಾಯ್ದೆಯ 16ನೆಯ ಕಲಮು ದೂರುದಾರೆಯ, ಆರೋಪಿತರ, ಸಾಕ್ಷಿಗಳ ಗುರುತನ್ನು ಪ್ರಕಟಿಸುವುದನ್ನು ನಿಷೇಧಿಸಿದೆ. ಸಂಶೋಧಕರ ಕಡತ, ಧ್ವನಿಮುದ್ರಿಕೆ, ಟಿಪ್ಪಣಿ ಪುಸ್ತಕಗಳನ್ನು ಯಾರು, ಎಲ್ಲಿ, ಎಷ್ಟು ಕಾಲ ಕಾಯ್ದಿಡಬೇಕೆಂಬುದು ಕ್ಷೇತ್ರಕಾರ್ಯಕ್ಕೆ ಹೊರಡುವ ಮೊದಲೇ ನಿಶ್ಚಯವಾಗಬೇಕಾದ ಮಾತು.

ಕಾಲದ ಪ್ರಶ್ನೆ ಇನ್ನೂ ಸೂಕ್ಷ್ಮ. ನಿಯಮಾವಳಿಯ ಪ್ರಕಾರ ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಸಲ್ಲಬೇಕು. ಕಾರಣಗಳನ್ನು ದಾಖಲಿಸಿ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಕಾಸ್ ಅವರ ಸಮೀಕ್ಷೆಯಲ್ಲಿ ಅತ್ಯಾಚಾರಕ್ಕೊಳಗಾದವರ ಪೈಕಿ ಶೇ. 42ರಷ್ಟು ಮಂದಿ ಅಲ್ಲಿಯವರೆಗೆ ಯಾರೊಬ್ಬರಿಗೂ ಹೇಳಿರಲಿಲ್ಲ. ಹೆಸರು ಕೇಳದ ಪ್ರಶ್ನಾವಳಿಯ ಹಾಳೆಯ ಮೇಲೆ ಅವರು ಅದನ್ನು ಮೊದಲ ಬಾರಿಗೆ ಗುರುತಿಸಿದ್ದರು. ಅಂತಹ ಹಾಳೆಯನ್ನು ಕೈಗೆತ್ತಿಕೊಂಡು ಓದುವ ವಿದ್ಯಾರ್ಥಿ ಸಂಶೋಧಕರಿಗೆ ಆ ಗುರುತು ಮಾಹಿತಿ ಮಾತ್ರವೇ ಅಥವಾ ಸಹಾಯದ ಕೋರಿಕೆಯೇ ಎಂಬುದನ್ನು ಅವರ ಪಠ್ಯಕ್ರಮದ ಯಾವ ಪತ್ರಿಕೆಯೂ ಕಲಿಸಿರುವುದಿಲ್ಲ.